ಶಿಶುವಿನ ಮಸ್ತಿಷ್ಕವೂ ಸಂಜ್ಞಾಹರಣೌಷಧಗಳೂ

ಮಾತು ಬಾರದ ಶಿಶುವಿನ ದೇಹಕ್ಕೆ ಶಸ್ತ್ರವನ್ನು ಮುಟ್ಟಿಸಬೇಕಾದಾಗ ವೈದ್ಯನ ಎದುರಿಗೆ ಎರಡು ಪ್ರಶ್ನೆಗಳು ನಿಲ್ಲುತ್ತವೆ. ಈ ಶಿಶುವಿಗೆ ನೋವಿನ ಅನುಭವವುಂಟೆ ಎಂಬುದು ಮೊದಲನೆಯದು. ಉಂಟಾದರೆ, ಆ ನೋವನ್ನು ತಪ್ಪಿಸುವುದಕ್ಕಾಗಿ ಕೊಡುವ ಔಷಧವು ಇನ್ನೂ ಬೆಳೆಯುತ್ತಿರುವ ಮಸ್ತಿಷ್ಕಕ್ಕೆ ಕೇಡನ್ನುಂಟುಮಾಡುವುದೆ ಎಂಬುದು ಎರಡನೆಯದು. ಸಂಜ್ಞಾಹರಣವಿದ್ಯೆಯು ಪ್ರಸಿದ್ಧಿಗೆ ಬಂದ ೧೮೪೬ರಿಂದೀಚೆಗೆ ಈ ಎರಡು ಪ್ರಶ್ನೆಗಳಿಗೆ ಪಾಶ್ಚಾತ್ಯ ವೈದ್ಯಲೋಕವು ಕೊಟ್ಟ ಉತ್ತರಗಳು ಒಂದಕ್ಕೊಂದು ವಿರುದ್ಧವಾಗುವಷ್ಟು ಬದಲಾಗಿರುತ್ತವೆ. ಉತ್ತರಗಳು ದಾರಿತಪ್ಪಿದುದು ವೈದ್ಯರಲ್ಲಿ ಕರುಣೆಯಿಲ್ಲದಿದ್ದ ಕಾರಣದಿಂದಲ್ಲ. ಪ್ರಮಾಣವನ್ನು ಅದರ ಎಲ್ಲೆಯನ್ನು ಮೀರಿ ಬಳಸಿದ ಕಾರಣದಿಂದ. ಆದುದರಿಂದ ಈ ಇತಿಹಾಸವು ವೈದ್ಯರಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಪ್ರಮಾಣವಿಚಾರದಲ್ಲಿ ಆಸಕ್ತಿಯುಳ್ಳವರೆಲ್ಲರೂ ಪರ್ಯಾಲೋಚಿಸತಕ್ಕದ್ದಾಗಿದೆ.

ಮೊದಲು ಶಬ್ದಾರ್ಥವನ್ನು ನಿಶ್ಚಯಿಸಿಕೊಳ್ಳುವುದು ಯುಕ್ತ. ಈ ಸ್ಥಿತಿಗೆ 'ಅನೀಸ್ಥೀಶಿಯಾ' ಎಂಬ ಗ್ರೀಕ್ ಮೂಲದ ಹೆಸರನ್ನು ೧೮೪೬ರಲ್ಲಿ ಸೂಚಿಸಿದವರು ಬಾಸ್ಟನ್ ನಗರದ ವೈದ್ಯರೂ ಸಾಹಿತಿಗಳೂ ಆಗಿದ್ದ ಆಲಿವರ್ ವೆಂಡೆಲ್ ಹೋಮ್ಸ್ ಎಂಬವರು. ವೇದನೆಯ ಅಭಾವವೆಂಬುದೇ ಅದರ ಅವಯವಾರ್ಥ. ಕನ್ನಡದಲ್ಲಿ 'ಅರಿವಳಿಕೆ' ಎಂಬ ಪದವು ರೂಢಿಗೆ ಬಂದಿದೆ. ಅರಿವು ಅಳಿಯುವುದೆಂಬ ಅರ್ಥದಲ್ಲಿ ಅದು ಬಹು ಸಮರ್ಪಕವಾದುದು. ಈ ಸ್ಥಿತಿಯನ್ನು ನಿದ್ರೆಯೆಂದು ಲೋಕದಲ್ಲಿ ಹೇಳುವುದುಂಟಾದರೂ ಅದು ನಿದ್ರೆಯಲ್ಲ. ಮಲಗಿದವನನ್ನು ಕರೆದರೆ ಎಚ್ಚರಗೊಳ್ಳುತ್ತಾನೆ. ಸಂಜ್ಞೆ ಹೋದವನು ಕತ್ತರಿಸಿದರೂ ಏಳನು. ಬ್ರಹ್ಮಸೂತ್ರಗಳ ಮುಗ್ಧಾಧಿಕರಣದಲ್ಲಿ ಮೂರ್ಛೆಯು ಜಾಗ್ರತ್ತು, ಸ್ವಪ್ನ, ಸುಷುಪ್ತಿ, ಮರಣಗಳೆಂಬ ಯಾವುದರಲ್ಲಿಯೂ ಪೂರ್ಣವಾಗಿ ಅಡಗದೆ ಬೇರೆಯಾಗಿ ನಿಲ್ಲುವ ಅವಸ್ಥೆಯೆಂದು ನಿರ್ಣಯಿಸಿರುವುದು ಇಲ್ಲಿ ಸ್ಮರಣೀಯವಾಗಿದೆ.

ಮಾತಿಲ್ಲದ ಶಿಶುವಿನ ನೋವನ್ನು ಅರಿಯುವ ಪ್ರಯತ್ನವು ಭಾರತೀಯ ವೈದ್ಯದಲ್ಲಿ ಪುರಾತನವಾದುದು. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವು ಒಂದು. ಅದರ ಮುಖ್ಯ ಗ್ರಂಥವಾದ ಕಾಶ್ಯಪಸಂಹಿತೆಯು ನೇಪಾಳದ ಹೇಮರಾಜಶರ್ಮರ ಬಳಿಯಿದ್ದ ಖಂಡಿತಪ್ರತಿಯಿಂದ ೧೯೩೮ರಲ್ಲಿ ಮುಂಬಯಿಯಲ್ಲಿ ಮುದ್ರಿತವಾಯಿತು. ಅದರ ಸೂತ್ರಸ್ಥಾನದಲ್ಲಿ 'ವೇದನಾಧ್ಯಾಯ'ವೆಂಬ ಪ್ರಕರಣವೊಂದಿದೆ. ತಲೆನೋವಿರುವ ಮಗು ತಲೆಯನ್ನು ಬಹಳವಾಗಿ ಅಲುಗಿಸುತ್ತದೆ, ಕಣ್ಣು ಮುಚ್ಚುತ್ತದೆ, ನಿದ್ರೆಗೊಳ್ಳದು. ಕಿವಿನೋವಿರುವ ಮಗು ಕೈಗಳಿಂದ ಕಿವಿಗಳನ್ನು ಮುಟ್ಟಿಕೊಳ್ಳುತ್ತದೆ, ಹಾಲಿನಲ್ಲಿ ಅರುಚಿಯನ್ನು ತೋರುತ್ತದೆ ಎಂದು ಮುಂತಾಗಿ ಲಿಂಗಗಳಿಂದ ವೇದನೆಯನ್ನು ಅನುಮಾನಿಸುವ ಕ್ರಮವನ್ನು ಅಲ್ಲಿ ಹೇಳಿದೆ. ಮಾತಿಲ್ಲದಿರುವುದು ನೋವಿಲ್ಲದಿರುವುದಕ್ಕೆ ಸಾಧಕವಲ್ಲವೆಂಬುದು ಆ ಅಧ್ಯಾಯದ ಆಧಾರಭೂತವಾದ ನಂಬಿಕೆ. ಆದರೆ ಶಸ್ತ್ರದ ನೋವನ್ನು ಪೂರ್ಣವಾಗಿ ಕಳೆಯುವ ಔಷಧವು ಆ ಕಾಲದವರ ಕೈಯಲ್ಲಿರಲಿಲ್ಲ. ಶಸ್ತ್ರಕರ್ಮಕ್ಕೆ ಮುಂಚೆ ರೋಗಿಗೆ ಮದ್ಯವನ್ನು ಕುಡಿಸುವ ವಿಧಿಯು ಸುಶ್ರುತದಲ್ಲಿದೆ.

೧೮೪೬ನೆಯ ಅಕ್ಟೋಬರ್ ೧೬ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯನು ಈಥರಿನ ಪ್ರಭಾವವನ್ನು ಸಭೆಯೆದುರಿಗೆ ತೋರಿಸಿದನು. ಮರುವರ್ಷವೇ ಎಡಿನ್‌ಬರೋ ನಗರದಲ್ಲಿ ಜೇಮ್ಸ್ ಸಿಂಪ್ಸನ್ ಎಂಬವರು ಕ್ಲೋರೋಫಾರಮನ್ನು ಬಳಕೆಗೆ ತಂದರು. ಲಂಡನ್ನಿನ ಜಾನ್ ಸ್ನೋ ಎಂಬ ವೈದ್ಯರು ಈ ಔಷಧಗಳನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರಲ್ಲಿ ಅಗ್ರಗಣ್ಯರು. ಅವರು ಅನೇಕ ಶಿಶುಗಳಿಗೂ ಬಾಲಕರಿಗೂ ಕ್ಲೋರೋಫಾರಮನ್ನು ಕೊಟ್ಟು ತಮ್ಮ ಅನುಭವವನ್ನು ಬರೆದಿಟ್ಟರು. ಅವರ ಗ್ರಂಥವು ಅವರ ಮರಣಾನಂತರ ೧೮೫೮ರಲ್ಲಿ ಪ್ರಕಟವಾಯಿತು. ಮಕ್ಕಳಲ್ಲಿ ಔಷಧದ ಪರಿಣಾಮವು ಬೇಗನೆ ಉಂಟಾಗಿ ಬೇಗನೆ ಇಳಿಯುತ್ತದೆಂದೂ, ಅವರ ಉಸಿರಾಟ ಮತ್ತು ರಕ್ತಸಂಚಾರಗಳ ವೇಗವೇ ಇದಕ್ಕೆ ಕಾರಣವೆಂದೂ ಅವರು ಕಂಡುಕೊಂಡಿದ್ದರು. ಶಿಶುವು ಅಳತೆಯಲ್ಲಿ ಮಾತ್ರವಲ್ಲದೆ ದೇಹಧರ್ಮದಲ್ಲಿಯೂ ಪ್ರೌಢನಿಂದ ಭಿನ್ನವೆಂಬ ಸೂಕ್ಷ್ಮವು ಹೀಗೆ ಈ ವಿದ್ಯೆಯ ಪ್ರಾರಂಭದಲ್ಲಿಯೇ ಗೋಚರವಾಗಿದ್ದಿತು.

ಆದರೆ ಮುಂದಿನ ತಲೆಮಾರುಗಳಲ್ಲಿ ಈ ಭೇದಜ್ಞಾನವು ಬೇರೊಂದು ದಾರಿಯನ್ನು ಹಿಡಿಯಿತು. ೧೮೭೦ರ ದಶಕದಲ್ಲಿ ಜರ್ಮನಿಯ ಪೌಲ್ ಫ್ಲೆಕ್ಸಿಗ್ ಎಂಬವರು, ನರತಂತುಗಳನ್ನು ಸುತ್ತುವ ಮೇದಸ್ಸಿನ ಹೊದಿಕೆಯು ಹುಟ್ಟಿದ ಶಿಶುವಿನ ಮಸ್ತಿಷ್ಕದಲ್ಲಿ ಇನ್ನೂ ಪೂರ್ಣವಾಗಿರುವುದಿಲ್ಲವೆಂದು ತೋರಿಸಿದರು. ಇದು ಸತ್ಯವಾದ ಸಂಗತಿಯೇ. ಆದರೆ ಹೊದಿಕೆಯಿಲ್ಲದ ತಂತು ನೋವನ್ನು ಒಯ್ಯಲಾರದೆಂಬ ತೀರ್ಮಾನವನ್ನು ಇತರರು ಇದರಿಂದ ಎಳೆದರು. ೧೯೪೧ರಲ್ಲಿ ಅಮೆರಿಕದ ಮಿರ್ಟಲ್ ಮೆಗ್ರಾ ಎಂಬ ಮನಶ್ಶಾಸ್ತ್ರಜ್ಞೆಯು ಶಿಶುಗಳ ಚರ್ಮಕ್ಕೆ ಸೂಜಿಯ ಮೊನೆಯನ್ನು ಮುಟ್ಟಿಸಿ ಪರೀಕ್ಷಿಸಿ, ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಪ್ರತಿಕ್ರಿಯೆಯು ಅತ್ಯಲ್ಪವೆಂದು ಬರೆದಳು. ಇವುಗಳ ಜೊತೆಗೆ ಪ್ರಾಣಭಯವೂ ಸೇರಿತ್ತು. ಆ ಕಾಲದ ಔಷಧಗಳು ಶಿಶುವಿನ ಉಸಿರನ್ನೂ ಹೃದಯವನ್ನೂ ಸುಲಭವಾಗಿ ಕುಗ್ಗಿಸುತ್ತಿದ್ದವು. ಹಗುರವಾದ ಸಂಜ್ಞಾಹರಣವೇ ಕ್ಷೇಮವೆಂದು ವೈದ್ಯರಿಗೆ ತೋರಿದುದರಲ್ಲಿ ಆಶ್ಚರ್ಯವಿಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಸೆಸಿಲ್ ಗ್ರೇ, ಜಾಕ್ಸನ್ ರೀಸ್ ಎಂಬವರು ೧೯೫೦ರ ಸುಮಾರಿಗೆ ಬಳಕೆಗೆ ತಂದ ಕ್ರಮದಲ್ಲಿ ನೈಟ್ರಸ್ ಆಕ್ಸೈಡ್ ವಾಯುವನ್ನೂ ಸ್ನಾಯುಗಳನ್ನು ಸಡಿಲಗೊಳಿಸುವ ಕುರಾರೆಯ ಜಾತಿಯ ಔಷಧವನ್ನೂ ಕೊಟ್ಟು, ಉಸಿರನ್ನು ಕೃತಕವಾಗಿ ನಡೆಸುತ್ತಿದ್ದರು. ಇದರಿಂದ ಅನೇಕ ಶಿಶುಗಳ ಪ್ರಾಣವುಳಿಯಿತೆಂಬುದನ್ನು ಮರೆಯಲಾಗದು. ಆದರೆ ಕುರಾರೆಯು ಚಲನವನ್ನು ನಿಲ್ಲಿಸುತ್ತದೆಯೇ ಹೊರತು ವೇದನೆಯನ್ನಲ್ಲ. ನೈಟ್ರಸ್ ಆಕ್ಸೈಡ್ ಒಂದೇ ಇದ್ದರೆ ಅದರ ಬಲವು ಅಲ್ಪ.

ಇಲ್ಲಿ ನಡೆದ ಪ್ರಮಾಣದೋಷವನ್ನು ಭಾರತೀಯ ತರ್ಕಪರಿಭಾಷೆಯಿಂದ ಸ್ಪಷ್ಟವಾಗಿ ಹೇಳಬಹುದು. ವಸ್ತುವು ಕಾಣದಿರುವುದರಿಂದ ಅದರ ಅಭಾವವನ್ನು ತಿಳಿಯುವುದುಂಟು. ಆದರೆ ಅದಕ್ಕೆ ಯೋಗ್ಯತೆಯೆಂಬ ಕಟ್ಟಳೆಯಿದೆ. ಬೆಳಕಿರುವ ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆಂದು ಹೇಳಬಹುದು; ಕತ್ತಲೆಯಲ್ಲಿ ಕಾಣದಿದ್ದರೆ ಹಾಗೆ ಹೇಳಲಾಗದು. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿರುವುದೇ ಯೋಗ್ಯಾನುಪಲಬ್ಧಿ. ಸ್ನಾಯುಗಳು ಸಡಿಲವಾಗಿ ಅಲುಗಾಡಲೂ ಅಳಲೂ ಅಶಕ್ತವಾದ ಶಿಶುವು ಅಳದಿದ್ದುದನ್ನು ನೋವಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ತೆಗೆದುಕೊಂಡುದು ಕತ್ತಲೆಯಲ್ಲಿ ಗಡಿಗೆಯನ್ನು ಹುಡುಕಿದಂತಾಯಿತು. ಕಾಶ್ಯಪಸಂಹಿತೆಯ ಕಾಲದ ವೈದ್ಯನಿಗೆ ಕೈ, ತಲೆ, ಕಣ್ಣುಗಳ ಚೇಷ್ಟೆಯಾದರೂ ಲಿಂಗವಾಗಿ ದೊರೆಯುತ್ತಿತ್ತು. ಇಲ್ಲಿ ಔಷಧವು ಆ ಲಿಂಗಗಳನ್ನೇ ಅಳಿಸಿಬಿಟ್ಟಿತ್ತು.

ಕತ್ತಲೆಯಲ್ಲಿ ದೀಪವನ್ನು ಹಚ್ಚಿದವರಲ್ಲಿ ಕನ್ವಲ್‌ಜೀತ್ ಆನಂದ್ ಎಂಬವರು ಪ್ರಮುಖರು. ಇಂದೂರಿನಲ್ಲಿ ವೈದ್ಯವಿದ್ಯೆಯನ್ನು ಕಲಿತು ರೋಡ್ಸ್ ವಿದ್ಯಾರ್ಥಿವೇತನದಿಂದ ಆಕ್ಸ್‌ಫರ್ಡಿಗೆ ಹೋದ ಅವರು, ಶಸ್ತ್ರಚಿಕಿತ್ಸೆಯ ಬಳಿಕ ಶಿಶುಗಳು ಬಹುವಾಗಿ ಬಳಲುವುದೇಕೆಂದು ವಿಚಾರಿಸತೊಡಗಿದರು. ದಿನ ತುಂಬದೆ ಹುಟ್ಟಿ, ಹೃದಯದ ಬಳಿ ತಾನಾಗಿ ಮುಚ್ಚಬೇಕಾದ ರಕ್ತನಾಳವು ಮುಚ್ಚದಿದ್ದ ೧೬ ಶಿಶುಗಳಿಗೆ ಶಸ್ತ್ರಕ್ರಿಯೆಯಾಗಬೇಕಾಗಿತ್ತು. ಎಲ್ಲರಿಗೂ ನೈಟ್ರಸ್ ಆಕ್ಸೈಡ್ ಮತ್ತು ಕುರಾರೆಗಳನ್ನು ಕೊಟ್ಟು, ಎಂಟು ಶಿಶುಗಳಿಗೆ ಮಾತ್ರ ಫೆಂಟನಿಲ್ ಎಂಬ ಪ್ರಬಲವಾದ ವೇದನಾಹರವನ್ನು ಹೆಚ್ಚಾಗಿ ಕೊಡಲಾಯಿತು. ಫೆಂಟನಿಲ್ ದೊರೆಯದ ಶಿಶುಗಳ ರಕ್ತದಲ್ಲಿ ಅಡ್ರಿನಲಿನ್ ಮುಂತಾದ ಸ್ರಾವಗಳೂ ಸಕ್ಕರೆಯೂ ಲ್ಯಾಕ್ಟೇಟ್ ಎಂಬ ಆಮ್ಲದ ಲವಣವೂ ಬಹಳ ಹೆಚ್ಚಿದವು. ಚಿಕಿತ್ಸೆಯ ನಂತರದ ತೊಂದರೆಗಳೂ ಅವರಲ್ಲಿಯೇ ಅಧಿಕವಾಗಿದ್ದವು. ೧೯೮೭ರಲ್ಲಿ ಈ ಫಲಿತಾಂಶವು ಪ್ರಕಟವಾಯಿತು. ಬಾಯಿ ಹೇಳಲಾರದುದನ್ನು ದೇಹದ ಚಯಾಪಚಯವು, ಎಂದರೆ ಆಹಾರವನ್ನು ಶಕ್ತಿಯಾಗಿಯೂ ಅಂಗವಾಗಿಯೂ ಮಾರ್ಪಡಿಸುವ ವ್ಯಾಪಾರವು, ಹೇಳಿತು. ಅದೇ ವರ್ಷ ಆನಂದ್ ಮತ್ತು ಹಿಕಿ ಎಂಬವರು ಫ್ಲೆಕ್ಸಿಗ್ ಕಂಡ ಸಂಗತಿಯಿಂದ ಇತರರು ಎಳೆದಿದ್ದ ತೀರ್ಮಾನವನ್ನೂ ಖಂಡಿಸಿದರು: ಪ್ರೌಢರಲ್ಲಿಯೂ ನೋವನ್ನು ಒಯ್ಯುವ ತಂತುಗಳಲ್ಲಿ ಬಹುಭಾಗಕ್ಕೆ ಹೊದಿಕೆಯಿರುವುದಿಲ್ಲ, ಹೊದಿಕೆಯ ಕೊರತೆಯಿಂದ ಸಂದೇಶವು ನಿಧಾನವಾಗುವುದೇ ಹೊರತು ನಿಲ್ಲುವುದಿಲ್ಲ, ಶಿಶುವಿನ ಅಲ್ಪದೇಹದಲ್ಲಿ ಆ ದಾರಿಯೂ ಅಲ್ಪ. ೧೯೯೨ರಲ್ಲಿ ಅವರಿಬ್ಬರೇ ಪ್ರಕಟಿಸಿದ ಮತ್ತೊಂದು ಪರೀಕ್ಷೆಯಲ್ಲಿ, ಹೃದಯದ ಶಸ್ತ್ರಕ್ರಿಯೆಗೆ ಒಳಗಾದ ನವಜಾತರ ಪೈಕಿ ಹಗುರವಾದ ಸಂಜ್ಞಾಹರಣವನ್ನು ಪಡೆದ ೧೫ ಮಂದಿಯಲ್ಲಿ ನಾಲ್ವರು ತೀರಿಕೊಂಡರು. ಗಾಢವಾದ ವೇದನಾಹರಣವನ್ನು ಪಡೆದ ೩೦ ಮಂದಿಯಲ್ಲಿ ಯಾರೂ ತೀರಿಕೊಳ್ಳಲಿಲ್ಲ. ಮೊದಲನೆಯ ಪ್ರಶ್ನೆಯು ಇಲ್ಲಿಗೆ ಪರಿಹೃತವಾಯಿತೆಂದು ಹೇಳಬಹುದು.

ಎರಡನೆಯ ಪ್ರಶ್ನೆಯನ್ನು ತಿಳಿಯಬೇಕಾದರೆ ಮಸ್ತಿಷ್ಕವು ಶಕ್ತಿಯನ್ನು ವ್ಯಯಮಾಡುವ ಕ್ರಮವನ್ನು ಅರಿಯಬೇಕು. ಅದನ್ನು ಜೀವಂತ ಮನುಷ್ಯನಲ್ಲಿ ಅಳೆಯುವ ಮಾರ್ಗವನ್ನು ೧೯೪೫ರಲ್ಲಿ ಫಿಲಡೆಲ್ಫಿಯದ ಸೀಮೋರ್ ಕೆಟಿ ಮತ್ತು ಕಾರ್ಲ್ ಸ್ಮಿತ್ ಎಂಬವರು ತೋರಿಸಿದರು. ಅವರು ಸಾಧನವಾಗಿ ಬಳಸಿದುದು ಅಲ್ಪಪ್ರಮಾಣದ ನೈಟ್ರಸ್ ಆಕ್ಸೈಡನ್ನೇ. ಸಂಜ್ಞೆಯನ್ನು ಕುಗ್ಗಿಸುವ ವಾಯುವೇ ಮಸ್ತಿಷ್ಕದ ವ್ಯಾಪಾರವನ್ನು ಅಳೆಯುವ ಅಳತೆಗೋಲಾದುದು ವಿಚಿತ್ರ. ಪ್ರೌಢನ ಮಸ್ತಿಷ್ಕವು ತನ್ನ ತೂಕದ ೧೦೦ ಗ್ರಾಮಿಗೆ ನಿಮಿಷಕ್ಕೆ ಸುಮಾರು ಮೂರೂವರೆ ಮಿಲಿಲೀಟರ್ ಆಮ್ಲಜನಕವನ್ನು ಬಳಸುತ್ತದೆಂದು ತಿಳಿದುಬಂದಿತು. ೧೯೫೭ರಲ್ಲಿ ಚಾರ್ಲ್ಸ್ ಕೆನಡಿ ಮತ್ತು ಲೂಯಿ ಸೊಕೊಲಾಫ್ ಎಂಬವರು ಅದೇ ಮಾರ್ಗವನ್ನು ಒಂಬತ್ತು ಬಾಲಕರಿಗೆ ಅನ್ವಯಿಸಿದಾಗ ಆ ಲೆಕ್ಕವು ೫ಕ್ಕಿಂತ ಮೇಲಕ್ಕೆ ಏರಿತು. ಆನಂದರ ಲೇಖನ ಬಂದ ೧೯೮೭ರಲ್ಲಿಯೇ ಹ್ಯಾರಿ ಚುಗಾನಿ ಮತ್ತು ಸಂಗಡಿಗರು ಗ್ಲೂಕೋಸಿನ ಬಳಕೆಯನ್ನು ಚಿತ್ರವಾಗಿ ತೋರಿಸುವ ಯಂತ್ರದಿಂದ ೨೯ ಮಂದಿ ಶಿಶುಗಳನ್ನೂ ಮಕ್ಕಳನ್ನೂ ಪರೀಕ್ಷಿಸಿ ಈ ಏರಿಳಿತದ ಕ್ರಮವನ್ನು ನಿರೂಪಿಸಿದರು. ನವಜಾತ ಶಿಶುವಿನಲ್ಲಿ ಸ್ಪರ್ಶಕ್ಕೂ ಚಲನಕ್ಕೂ ಸಂಬಂಧಪಟ್ಟ ಭಾಗಗಳೇ ಹೆಚ್ಚಾಗಿ ಉರಿಯುತ್ತಿರುತ್ತವೆ. ಮುಂದೆ ದೃಷ್ಟಿಯ ಭಾಗಗಳು ಚುರುಕಾಗುತ್ತವೆ. ವಿವೇಚನೆಯ ನೆಲೆಯಾದ ಮುಂಭಾಗವು ಆರೆಂಟು ತಿಂಗಳ ವಯಸ್ಸಿನಲ್ಲಿ ಎಚ್ಚರಗೊಳ್ಳುತ್ತದೆ. ಮೂರು ನಾಲ್ಕು ವರ್ಷಗಳ ವೇಳೆಗೆ ವ್ಯಯವು ಪ್ರೌಢನ ಎರಡರಷ್ಟನ್ನು ಮುಟ್ಟಿ, ಒಂಬತ್ತು ವರ್ಷಗಳವರೆಗೆ ಹಾಗೆಯೇ ನಿಂತು, ಅನಂತರ ಯೌವನದವರೆಗೆ ಮೆಲ್ಲಗೆ ಇಳಿಯುತ್ತದೆ. ಬಾಲ್ಯದಲ್ಲಿ ಒಂದು ಹಂತದಲ್ಲಿ ದೇಹವು ದಿನಕ್ಕೆ ಬಳಸುವ ಶಕ್ತಿಯ ನೂರರಲ್ಲಿ ೪೩ ಭಾಗವನ್ನು ಮಸ್ತಿಷ್ಕವೊಂದೇ ತೆಗೆದುಕೊಳ್ಳುತ್ತದೆಂದು ೨೦೧೪ರಲ್ಲಿ ಕ್ರಿಸ್ಟೋಫರ್ ಕುಜಾವಾ ಮುಂತಾದವರು ಗಣಿಸಿದರು.

ಈ ವ್ಯಯಾಧಿಕ್ಯಕ್ಕೆ ಕಾರಣವೇನು? ಪ್ರೌಢನ ಮಸ್ತಿಷ್ಕದ ಖರ್ಚು ಎರಡು ಬಗೆಯದು. ನರಕೋಶಗಳು ಒಂದರೊಡನೊಂದು ವ್ಯವಹರಿಸುವುದಕ್ಕೆ ತಗಲುವುದು ಒಂದು. ಕೋಶಗಳು ಜೀವಂತವಾಗಿ ಉಳಿಯುವುದಕ್ಕೆ ತಗಲುವುದು ಮತ್ತೊಂದು. ಶಿಶುವಿನಲ್ಲಿ ಇವೆರಡರ ಜೊತೆಗೆ ಕಟ್ಟಡದ ಖರ್ಚು ಸೇರುತ್ತದೆ. ನರಕೋಶಗಳ ನಡುವಣ ಸಂಧಿಗಳು ಎಳೆತನದಲ್ಲಿ ಬೇಕಾದುದಕ್ಕಿಂತ ಹೆಚ್ಚಾಗಿ ಹುಟ್ಟುತ್ತವೆಂದು ಪೀಟರ್ ಹಟನ್‌ಲಾಕರ್ ಎಂಬವರು ೧೯೭೯ರಲ್ಲಿ ತೋರಿಸಿದರು. ಹೆಚ್ಚಾದ ಸಂಧಿಗಳಲ್ಲಿ ಬಳಕೆಗೆ ಬಂದವು ನೆಲೆಗೊಂಡು ಉಳಿದವು ಅಳಿಯುತ್ತವೆ. ಆದುದರಿಂದ ಶಿಶುವಿನ ಮಸ್ತಿಷ್ಕದಲ್ಲಿ ವ್ಯವಹಾರವೆಂಬುದು ಕಟ್ಟಿದ ಮನೆಯೊಳಗಿನ ಓಡಾಟವಲ್ಲ. ಆ ಓಡಾಟದಿಂದಲೇ ಮನೆಯ ಗೋಡೆಗಳೂ ಬಾಗಿಲುಗಳೂ ನಿರ್ಣಯವಾಗುತ್ತವೆ.

ಸಂಜ್ಞಾಹರಣೌಷಧಗಳಲ್ಲಿ ಬಹುಪಾಲು ಈ ವ್ಯವಹಾರವನ್ನು ತಡೆಯುತ್ತವೆ. ೧೯೭೪ರಲ್ಲಿ ಜಾನ್ ಮಿಷನ್‌ಫೆಲ್ಡರ್ ಎಂಬವರು ನಾಯಿಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಥಯೋಪೆಂಟಲ್ ಔಷಧವು ಏರಿದಂತೆ ಮಸ್ತಿಷ್ಕದ ಆಮ್ಲಜನಕವ್ಯಯವು ಇಳಿಯುತ್ತ ಹೋಗಿ, ವಿದ್ಯುತ್ತರಂಗಗಳು ನಿಂತ ಮೇಲೆ ಔಷಧವನ್ನು ಎಷ್ಟು ಕೂಡಿಸಿದರೂ ಮತ್ತೆ ಇಳಿಯಲಿಲ್ಲ. ಎಂದರೆ ಔಷಧವು ಕಳೆಯುವುದು ವ್ಯವಹಾರದ ಖರ್ಚನ್ನು ಮಾತ್ರ; ಪ್ರಾಣಧಾರಣೆಯ ಖರ್ಚು ಉಳಿಯುತ್ತದೆ. ಪ್ರೌಢಮಾನವರಲ್ಲಿ ಪ್ರೊಪೊಫಾಲ್, ಐಸೊಫ್ಲುರೇನ್ ಎಂಬ ಔಷಧಗಳು ಮಸ್ತಿಷ್ಕದ ಗ್ಲೂಕೋಸ್ ವ್ಯಯವನ್ನು ಸುಮಾರು ಅರ್ಧಕ್ಕಿಳಿಸುತ್ತವೆಂದು ೧೯೯೦ರ ದಶಕದಲ್ಲಿ ಮೈಕೇಲ್ ಆಲ್ಕೈರ್ ಮುಂತಾದವರು ಅಳೆದು ತೋರಿಸಿದರು. ಕೆಟಮಿನ್ ಮಾತ್ರ ಇದಕ್ಕೆ ಅಪವಾದ. ಅದು ವ್ಯಯವನ್ನು ಹೆಚ್ಚಿಸುತ್ತದೆ. ವ್ಯಯವು ತಗ್ಗುವುದು ಪ್ರೌಢನಿಗೆ ವಿಶ್ರಾಂತಿಯೆಂದೂ ರಕ್ಷೆಯೆಂದೂ ವೈದ್ಯರು ಎಣಿಸುತ್ತ ಬಂದಿದ್ದರು. ಶಿಶುವಿನಲ್ಲಿ ಹಾಗೆಯೇ ಎಂದು ಹೇಳಲು ಬರುವುದೆ? ಪ್ರೌಢನ ನರಕೋಶವನ್ನು ಸುಮ್ಮನಾಗಿಸುವ ಗಾಬಾ ಎಂಬ ದ್ರವ್ಯವು ಎಳೆಯ ಇಲಿಯ ನರಕೋಶವನ್ನು ಉದ್ರೇಕಿಸುತ್ತದೆಂದು ೧೯೮೯ರಲ್ಲಿ ಬೆನ್-ಆರಿ ಮುಂತಾದವರು ಕಂಡರು. ಅನೇಕ ಸಂಜ್ಞಾಹರಣೌಷಧಗಳು ಈ ಗಾಬಾದ ಮೂಲಕವೇ ಕೆಲಸಮಾಡತಕ್ಕವು. ಸೆವೊಫ್ಲುರೇನ್ ಪಡೆದ ಮಕ್ಕಳ ಮಸ್ತಿಷ್ಕದಲ್ಲಿ ಪ್ರೊಪೊಫಾಲ್ ಪಡೆದವರಿಗಿಂತ ಗ್ಲೂಕೋಸ್ ಮತ್ತು ಲ್ಯಾಕ್ಟೇಟ್‌ಗಳು ಹೆಚ್ಚಾಗಿರುತ್ತವೆಂದೂ, ಎಚ್ಚರಗೊಳ್ಳುವಾಗಿನ ಕಳವಳಕ್ಕೆ ಇವುಗಳೊಡನೆ ಸಂಬಂಧವಿದೆಯೆಂದೂ ೨೦೧೨ರಲ್ಲಿ ಪ್ರಕಟವಾಯಿತು. ಔಷಧಗಳೆಲ್ಲ ಒಂದೇ ಬಗೆಯ ಮೌನವನ್ನು ತರುವುದಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಈ ಶಂಕೆಗೆ ಭಯದ ರೂಪವನ್ನು ಕೊಟ್ಟವು ಎರಡು ಸಂಶೋಧನೆಗಳು. ಅಮೆರಿಕದ ಸೇಂಟ್ ಲೂಯಿ ನಗರದ ಜಾನ್ ಓಲ್ನಿಯವರೊಡನೆ ಇಕೊನೊಮಿಡೂ ಎಂಬ ವಿದುಷಿಯು ೧೯೯೯ರಲ್ಲಿ, ಹುಟ್ಟಿ ಏಳು ದಿನಗಳಾದ ಇಲಿಮರಿಗಳಲ್ಲಿ ಒಂದು ಬಗೆಯ ನರಸಂದೇಶವನ್ನು ತಡೆದರೆ ನರಕೋಶಗಳು ಗುಂಪುಗುಂಪಾಗಿ ತಾವೇ ಅಳಿಯುತ್ತವೆಂದು ತೋರಿಸಿದರು. ೨೦೦೩ರಲ್ಲಿ ಯೆವ್ಟೊವಿಚ್-ಟೊಡೊರೊವಿಚ್ ಮುಂತಾದವರು ಅದೇ ವಯಸ್ಸಿನ ಮರಿಗಳಿಗೆ ಮಿಡಾಜೊಲಾಮ್, ನೈಟ್ರಸ್ ಆಕ್ಸೈಡ್, ಐಸೊಫ್ಲುರೇನ್‌ಗಳನ್ನು ಕೂಡಿಸಿ ಆರು ಗಂಟೆಗಳ ಕಾಲ ಕೊಟ್ಟಾಗ, ನರಕೋಶಗಳ ನಾಶವೂ ಮುಂದೆ ಕಲಿಕೆಯಲ್ಲಿ ಕೊರತೆಯೂ ಕಂಡುಬಂದವು. ವ್ಯವಹಾರದಿಂದ ವಂಚಿತವಾದ ಎಳೆಯ ಕೋಶವು ತಾನು ಬೇಡವೆಂದು ಎಣಿಸಿ ಅಳಿಯುತ್ತದೆಂಬುದು ಓಲ್ನಿಯವರ ಊಹೆಯಾಗಿದ್ದಿತು. ಇಪ್ಪತ್ತು ವರ್ಷಗಳ ಹಿಂದೆ ಔಷಧವಿಲ್ಲದೆ ಕತ್ತರಿಸಬಹುದೆಂದಿದ್ದ ಲೋಕವು ಈಗ ಔಷಧವನ್ನೇ ವಿಷವೆಂದು ಶಂಕಿಸತೊಡಗಿತು.

ಆದರೆ ಇಲಿಯಿಂದ ಮನುಷ್ಯನಿಗೆ ಮಾಡಿದ ಈ ಅನುಮಾನದಲ್ಲಿ ಉಪಾಧಿಯನ್ನು ಶೋಧಿಸಬೇಕಾಗುತ್ತದೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂದರೆ ಹಸಿಯ ಸೌದೆಯೆಂಬ ಉಪಾಧಿಯನ್ನು ನೈಯಾಯಿಕರು ಎತ್ತಿತೋರಿಸುವರಷ್ಟೆ. ಇಲ್ಲಿ ಹಸಿಯ ಸೌದೆ ಯಾವುದು? ಮೊದಲನೆಯದು ಕಾಲಾವಧಿ. ೨೦೦೭ರಲ್ಲಿ ಐದು ದಿನದ ಕೋತಿಮರಿಗಳಿಗೆ ಕೆಟಮಿನನ್ನು ೨೪ ಗಂಟೆ ಕೊಟ್ಟಾಗ ನರಕೋಶನಾಶವು ಕಂಡಿತು. ಮೂರು ಗಂಟೆ ಕೊಟ್ಟಾಗ ಕಾಣಲಿಲ್ಲ. ಎರಡನೆಯದು ದೇಹಸ್ಥಿತಿ. ಐಸೊಫ್ಲುರೇನ್ ಪಡೆದ ನವಜಾತ ಇಲಿಮರಿಗಳ ರಕ್ತದಲ್ಲಿ ಸಕ್ಕರೆಯು ಕುಸಿಯುತ್ತದೆಂದು ಲೋಪ್ಕೆ ಮುಂತಾದವರು ೨೦೦೬ರಲ್ಲಿ ತೋರಿಸಿದರು. ಮಸ್ತಿಷ್ಕದ ಆಹಾರವೇ ಸಕ್ಕರೆ. ಅದು ಕುಗ್ಗಿದಲ್ಲಿ ದೋಷವು ಔಷಧದ್ದೋ ಉಪವಾಸದ್ದೋ ಎಂಬುದು ಸಂದಿಗ್ಧವಾಗುತ್ತದೆ. ಶಸ್ತ್ರಶಾಲೆಯಲ್ಲಿ ಶಿಶುವಿನ ಉಸಿರು, ರಕ್ತದೊತ್ತಡ, ಸಕ್ಕರೆ, ಬಿಸುಪುಗಳನ್ನು ಕಾಯುವವರಿರುತ್ತಾರೆ. ಈ ಕಾವಲು ತಪ್ಪಿದರೆ, ಯಾವ ಔಷಧವಾದರೂ ಸರಿ, ವ್ಯಯಾಧಿಕವಾದ ಆ ಮಸ್ತಿಷ್ಕಕ್ಕೆ ಅಪಾಯವೇ.

ಮನುಷ್ಯರಲ್ಲಿ ನಡೆದ ವಿಚಾರಣೆಯು ಎರಡು ಹಂತಗಳದು. ಅಮೆರಿಕದ ಮಿನ್ನೆಸೋಟ ಸಂಸ್ಥಾನದ ಓಮ್‌ಸ್ಟೆಡ್ ಪ್ರಾಂತದಲ್ಲಿ ೧೯೭೬ರಿಂದ ೧೯೮೨ರವರೆಗೆ ಹುಟ್ಟಿದ ೫೩೫೭ ಮಕ್ಕಳ ದಾಖಲೆಗಳನ್ನು ನೋಡಿ ವೈಲ್ಡರ್ ಮುಂತಾದವರು ೨೦೦೯ರಲ್ಲಿ ಬರೆದುದೇನೆಂದರೆ: ನಾಲ್ಕು ವರ್ಷಕ್ಕೆ ಮುಂಚೆ ಒಂದು ಬಾರಿ ಸಂಜ್ಞಾಹರಣಕ್ಕೊಳಗಾದವರಲ್ಲಿ ಕಲಿಕೆಯ ತೊಡಕು ಹೆಚ್ಚಿರಲಿಲ್ಲ, ಎರಡು ಅಥವಾ ಹೆಚ್ಚು ಬಾರಿ ಒಳಗಾದವರಲ್ಲಿ ಹೆಚ್ಚಿತ್ತು. ಆದರೆ ಹಲವು ಬಾರಿ ಶಸ್ತ್ರಕ್ಕೊಳಗಾದ ಮಗುವಿಗೆ ಅದಕ್ಕೆ ತಕ್ಕ ರೋಗವೂ ಇರುವುದಷ್ಟೆ. ರೋಗವೇ ಇಲ್ಲಿ ಉಪಾಧಿಯಾಗಬಹುದು. ಅದೇ ವರ್ಷ ನೆದರ್ಲೆಂಡಿನಲ್ಲಿ ೧೧೪೩ ಏಕರೂಪಿ ಅವಳಿಜೋಡಿಗಳನ್ನು ವಿಚಾರಿಸಿದಾಗ, ಅವಳಿಗಳಲ್ಲಿ ಒಬ್ಬರು ಮಾತ್ರ ಸಂಜ್ಞಾಹರಣಕ್ಕೊಳಗಾಗಿದ್ದಲ್ಲಿ ಅವರಿಬ್ಬರ ಕಲಿಕೆಯಲ್ಲಿ ಭೇದವು ತೋರಲಿಲ್ಲ. ೨೦೧೬ನೆಯ ಡಿಸೆಂಬರ್ ೧೪ರಂದು ಅಮೆರಿಕದ ಆಹಾರ-ಔಷಧ ಆಡಳಿತವು, ಮೂರು ವರ್ಷಕ್ಕೆ ಕೆಳಗಿನ ಮಕ್ಕಳಲ್ಲಿ ಮೂರು ಗಂಟೆಗೆ ಮೀರಿದ ಅಥವಾ ಮತ್ತೆ ಮತ್ತೆ ಆಗುವ ಸಂಜ್ಞಾಹರಣದ ವಿಷಯದಲ್ಲಿ ಎಚ್ಚರಿಕೆಯನ್ನು ಹೊರಡಿಸಿತು. ಅವಶ್ಯವಾದ ಚಿಕಿತ್ಸೆಯನ್ನು ಮುಂದೂಡಬಾರದೆಂದೂ ಅದರಲ್ಲಿಯೇ ಹೇಳಿತು.

ಎರಡನೆಯ ಹಂತವೆಂದರೆ ದೈವಾಯತ್ತವಾಗಿ ವಿಭಾಗಿಸಿದ ಪರೀಕ್ಷೆ. ಏಳು ದೇಶಗಳ ೨೮ ಆಸ್ಪತ್ರೆಗಳಲ್ಲಿ, ತೊಡೆಯ ಸಂದಿನ ಅಂಡವೃದ್ಧಿಗೆ ಶಸ್ತ್ರವಾಗಬೇಕಾಗಿದ್ದ ೭೨೨ ಎಳೆಗೂಸುಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡಗಳಾಗಿ ಮಾಡಿ, ಒಂದು ಪಂಗಡಕ್ಕೆ ಸೆವೊಫ್ಲುರೇನನ್ನೂ ಮತ್ತೊಂದಕ್ಕೆ ಎಚ್ಚರವಿರುವಂತೆಯೇ ದೇಹದ ಕೆಳಭಾಗವನ್ನು ಮಾತ್ರ ಜೋಮುಹಿಡಿಸುವ ಮದ್ದನ್ನೂ ಕೊಟ್ಟರು. ೨೦೧೯ರಲ್ಲಿ ಪ್ರಕಟವಾದಂತೆ ಐದನೆಯ ವರ್ಷದಲ್ಲಿ ಬುದ್ಧಿಯ ಸರಾಸರಿ ಅಂಕಗಳು ಸೆವೊಫ್ಲುರೇನ್ ಪಡೆದವರಲ್ಲಿ ೯೮.೯೭, ಪಡೆಯದವರಲ್ಲಿ ೯೯.೦೮. ಭೇದವು ಇಲ್ಲವೆನ್ನುವಷ್ಟು ಅಲ್ಪ. ಆದರೆ ಈ ಪರೀಕ್ಷೆಯ ವ್ಯಾಪ್ತಿಯನ್ನೂ ಮೀರಬಾರದು: ಅಲ್ಲಿ ಸಂಜ್ಞಾಹರಣದ ಮಧ್ಯಮಾವಧಿಯು ೫೪ ನಿಮಿಷ, ಅದೂ ಒಂದೇ ಬಾರಿ. ೨೦೧೮ರಲ್ಲಿ ೯೯೭ ಮಕ್ಕಳನ್ನು ಕುರಿತು ಪ್ರಕಟವಾದ ಮೇಯೋ ವೈದ್ಯಸಂಸ್ಥೆಯ ವಿಚಾರಣೆಯಲ್ಲಿ, ಹಲವು ಬಾರಿ ಒಳಗಾದವರಲ್ಲಿಯೂ ಬುದ್ಧಿಯ ಅಂಕಗಳು ತಗ್ಗಿರಲಿಲ್ಲವಾದರೂ ಗ್ರಹಣದ ವೇಗದಲ್ಲಿಯೂ ಬೆರಳುಗಳ ಸೂಕ್ಷ್ಮಕೌಶಲದಲ್ಲಿಯೂ ಸ್ವಲ್ಪ ಕೊರತೆ ಕಂಡಿತು.

ಇದುವರೆಗಿನ ಸಾಕ್ಷ್ಯದಿಂದ ಎರಡು ಅಂಶಗಳು ನಿರ್ಣೀತವಾಗುತ್ತವೆ. ಶಿಶುವು ನೋವನ್ನು ಅನುಭವಿಸುತ್ತದೆ, ಅದನ್ನು ಕಳೆಯದೆ ಶಸ್ತ್ರವನ್ನು ಪ್ರಯೋಗಿಸುವುದರಿಂದ ಪ್ರಾಣಕ್ಕೇ ಹಾನಿಯುಂಟು. ಒಂದು ಬಾರಿ ಅಲ್ಪಕಾಲ ಕೊಟ್ಟ ಸಂಜ್ಞಾಹರಣದಿಂದ ಬುದ್ಧಿಗೆ ಹಾನಿಯಾಗುವುದೆಂಬ ಭಯಕ್ಕೆ ಮಾನವರಲ್ಲಿ ಆಧಾರವಿಲ್ಲ. ನಿರ್ಣಯಕ್ಕೆ ಉಳಿದಿರುವುದು ದೀರ್ಘವಾಗಿಯೂ ಪದೇ ಪದೇ ಆಗಿಯೂ ನಡೆಯುವ ಸಂಜ್ಞಾಹರಣದ ವಿಚಾರ. ಹುಟ್ಟಿನಿಂದಲೇ ಹೃದಯದೋಷವುಳ್ಳ ಶಿಶುಗಳಿಗೆ ಇದು ಅನಿವಾರ್ಯ. ಅವರಲ್ಲಿ ರೋಗ, ಶಸ್ತ್ರ, ಔಷಧಗಳೆಂಬ ಮೂರೂ ಹೆಣೆದುಕೊಂಡಿರುವುದರಿಂದ ಒಂದನ್ನೊಂದರಿಂದ ಬೇರ್ಪಡಿಸುವುದು ಸುಲಭಸಾಧ್ಯವಲ್ಲ. ಅದು ಬೇರ್ಪಡುವವರೆಗೆ, ಕಾಯಬಹುದಾದ ಚಿಕಿತ್ಸೆಯನ್ನು ಮಗುವು ಮೂರು ವರ್ಷ ದಾಟುವವರೆಗೆ ಕಾಯಿಸುವುದೂ, ಕಾಯಲಾಗದುದನ್ನು ಪೂರ್ಣವಾದ ವೇದನಾಹರಣದೊಡನೆ ತಡವಿಲ್ಲದೆ ನಡೆಸುವುದೂ, ಆ ವೇಳೆಯಲ್ಲಿ ಮಸ್ತಿಷ್ಕಕ್ಕೆ ಸಲ್ಲಬೇಕಾದ ಉಸಿರು, ರಕ್ತ, ಸಕ್ಕರೆಗಳನ್ನು ಕಾಯುವುದೂ ಪ್ರಮಾಣಸಮ್ಮತವಾದ ಮಾರ್ಗವಾಗಿದೆ.